ಮುಚ್ಚಳದೊಳಗಿನ ತಾರೀಖು

ಮೇ 13, ಮಂಗಳವಾರ, ಮಧ್ಯಾಹ್ನ 3.20. ಡೊಂಬಿವಲಿ ಪೂರ್ವದ ಠಾಣೆಗೆ ಹದಿನೈದು ಜನ ನುಗ್ಗಿದರು. ಮುಂದೆ ನಿಂತು ಕೂಗಾಡುತ್ತಿದ್ದವರು ವಸತಿ ಸೊಸೈಟಿಯ ಸೆಕ್ರೆಟರಿ, ಹೋಟೆಲ್ ಮಾಲೀಕ ಪುಂಡರೀಕಾಕ್ಷ. ಹನ್ನೊಂದೂವರೆಗೆ ಕಟ್ಟಡದ ವೋಲ್ಟೇಜ್ ಒಮ್ಮೆಲೇ ಏರಿ ಮನೆಮನೆಯ ಫ್ರಿಜ್, ಟಿವಿ, ಏಸಿ ಸುಟ್ಟುಹೋಗಿದ್ದವು.

"ಫ್ರಿಜ್ಜಿನ ಪಟ್ಟಿ ಆಮೇಲೆ ಕೊಡಿ. ಮನುಷ್ಯರಿಗೆ ಏನಾದ್ರೂ ಆಗಿದೆಯಾ?" ಇನ್‌ಸ್ಪೆಕ್ಟರ್ ವಸಂತಕುಮಾರರ ಸಿಟ್ಟು ಆಗಲೇ ನೆತ್ತಿಗೇರಿತ್ತು.

ಹಿಂದೆ ನಿಂತಿದ್ದ ಜಯಲತಾ ಬಾಯಿಬಿಟ್ಟಳು. "ನಮ್ಮತ್ತೆ ಮುಕ್ತಕ್ಕ ಐಸಿಯುನಲ್ಲಿದ್ದಾರೆ ಸರ್. ಮನೇಲಿ ಆಕ್ಸಿಜನ್ ಮೆಷಿನ್ ಮೇಲೆ ಇದ್ದವರು. ಕರೆಂಟ್ ಹೋದ್ರೆ ನಾನು ಸಿಲಿಂಡರ್ ಹಾಕುದು. ಇವತ್ತು ಔಷಧಿ ತರ್ಲಿಕ್ಕೆ ಹೋಗಿದ್ದೆ. ಬರುವಾಗ ಮೆಷಿನ್ ಬಂದ್."

ಅಬ್ಬಾ, ಇಷ್ಟು ಹೊತ್ತು ಈ ಹೆಂಗಸನ್ನು ಹಿಂದೆ ನಿಲ್ಲಿಸಿ ಟಿವಿಗೆ ಗೋಳಾಡಿದರಲ್ಲ ಎಂದು ವಸಂತಕುಮಾರರಿಗೆ ಮೈ ಉರಿಯಿತು. ಎಫ್‌ಐಆರ್‌ನಲ್ಲಿ ಮೊದಲ ಹೆಸರು ಮುಕ್ತಕ್ಕನದೇ ಬರೆಸಿದರು.

ಸಂಜೆ 4.45ಕ್ಕೆ ಮೀಟರ್ ರೂಮಿನಲ್ಲಿ ಪಂಚನಾಮೆ. ನ್ಯೂಟ್ರಲ್ ತಂತಿ ಕಳಚಿತ್ತು. ಅದು ಕಳಚಿದರೆ ಮನೆಗಳಿಗೆ ಹೋಗುವ ಕರೆಂಟಿನ ಹದ ತಪ್ಪುತ್ತದೆ ಎಂದು ವಿದ್ಯುತ್ ಇಲಾಖೆಯವನು ವಿವರಿಸಿದ. ಬೋಲ್ಟ್ ಕರಕಲಾಗಿರಲಿಲ್ಲ, ಅದರ ಮೇಲೆ ಸ್ಪ್ಯಾನರಿನ ಹೊಸ ಗೀರುಗಳಿದ್ದವು; ಯಾರೋ ಬೇಕೆಂದೇ ಬಿಚ್ಚಿದ್ದರು.

"ಸಾಹೇಬ್ರ, ಕೀಲಿ ಒಡದಿಲ್ಲ ನೋಡ್ರಿ," ಎಂದಳು ಕಾನ್‌ಸ್ಟೆಬಲ್ ವಿನೋದಾ. "ಚಾವಿ ಇದ್ದವರೇ ಬಂದಾರ."

ಚಾವಿ ಎರಡು. ಒಂದು ಪುಂಡರೀಕಾಕ್ಷರದು. ಅವರು ಮಧ್ಯಾಹ್ನದವರೆಗೂ ವಾಶಿ ಮಾರ್ಕೆಟಿನಲ್ಲಿದ್ದರು, ಅದು ಖಚಿತವಾಯಿತು. ಇನ್ನೊಂದು ಇಪ್ಪತ್ತು ವರ್ಷಗಳಿಂದ ಸೊಸೈಟಿಯ ವೈರಿಂಗ್ ನೋಡಿಕೊಂಡಿದ್ದ ಕಿಟ್ಟಣ್ಣನದು. ವಸಂತಕುಮಾರರು ಅವನನ್ನು ಕರೆಸಿದರು.

"ಹನ್ನೊಂದೂವರೆಗೆ ಎಲ್ಲಿದ್ರಿ?"

"ಕಲ್ಯಾಣದಲ್ಲಿ, ವೈರ್ ತರ್ಲಿಕ್ಕೆ. ಆ ಬೋಲ್ಟ್ ಸಡಿಲ ಉಂಟು ಅಂತ ಮೂರು ಸರ್ತಿ ಬರೆದುಕೊಟ್ಟಿದ್ದೆ. ಯಾರಿಗೆ ಬೇಕು ಮಾರಾಯ್ರೆ?"

ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತ. "ಮುಕ್ತಕ್ಕನ ಮೆಷಿನ್ ಸುಡ್ಲಿಲ್ಲ ಅಲ್ವಾ ಸರ್?"

ಮುಕ್ತಕ್ಕ ಹೇಗಿದ್ದಾರೆ ಎಂದು ಕೇಳಲಿಲ್ಲವಲ್ಲ, ಮೆಷಿನ್ನನ್ನು ಕೇಳಿದನಲ್ಲ! ವಸಂತಕುಮಾರರಿಗೆ ರಾತ್ರಿಯೆಲ್ಲ ಅದೇ ಕೊರೆಯಿತು.

ಮೇ 14, ಬೆಳಿಗ್ಗೆ 10.05. ಜಯಲತಾಳ ಮನೆಯಲ್ಲಿ ಒಂದು ಬಲ್ಬೂ ಸುಟ್ಟಿರಲಿಲ್ಲ. ಮೇನ್ ಸ್ವಿಚ್ಚಿನ ಪಕ್ಕದಲ್ಲಿ ಹೊಸದೊಂದು ಡಬ್ಬಿ ಇತ್ತು. ವಿನೋದಾ ಅದರ ಮುಚ್ಚಳ ತೆಗೆದಳು. ಒಳಗೆ ಮಾರ್ಕರಿನಲ್ಲಿ ೧೨-೫ ಎಂದು ಬರೆದಿತ್ತು.

"ಏನು ಕೂಡಿಸಿದ್ರೂ ಮುಚ್ಚಳದೊಳಗೆ ಕನ್ನಡ ಅಂಕೆಯಲ್ಲಿ ತಾರೀಖು ಬರೆಯುದು ಕಿಟ್ಟಣ್ಣನ ಅಭ್ಯಾಸ," ಎಂದಳು ಜಯಲತಾ. "ಇದನ್ನು ಬಿಟ್ಟಿಯಾಗೇ ಹಾಕಿಕೊಟ್ರು. ವೋಲ್ಟೇಜ್ ಏರಿದ್ರೆ ಕರೆಂಟ್ ಕಟ್ ಮಾಡ್ತದೆ, ಮೆಷಿನ್ ಸುಡುದಿಲ್ಲ ಅಂದ್ರು."

"ಬೇರೆ ಮನೆಗಳಿಗೆ ಯಾಕೆ ಹಾಕ್ಲಿಲ್ಲ?"

"ಎಲ್ಲರ ಮನೆಗೂ ಹಾಕುವ ಅಂತ ಸಭೆಯಲ್ಲಿ ಹೇಳಿದ್ರು. ಕೆಲಸ ಹುಟ್ಟಿಸ್ಲಿಕ್ಕೆ ಹೆದರಿಸ್ತಾನೆ, ಕಳ್ಳ ಅಂತ ಪುಂಡರೀಕಾಕ್ಷರು ಬೈದ್ರು. ಎಲ್ಲ ನಗಾಡಿದ್ರು." ಅವಳು ತಲೆ ತಗ್ಗಿಸಿದಳು. "ನಾನೂ ನಗಾಡಿದೆ ಸರ್."

ಹನ್ನೆರಡರಂದು ಡಬ್ಬಿ, ಹದಿಮೂರರಂದು ಅನಾಹುತ. ಪಕ್ಕದ ಅಂಗಡಿಯ ಕ್ಯಾಮೆರಾದಲ್ಲಿ 11.26ಕ್ಕೆ ಕಿಟ್ಟಣ್ಣ ಕಟ್ಟಡದ ಹಿಂಬಾಗಿಲಿನಿಂದ ಒಳಹೋದದ್ದು ಸಿಕ್ಕಿತು. ಮಧ್ಯಾಹ್ನ 2.40ಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಸಂಜೆ 5.10ಕ್ಕೆ ಅವನನ್ನು ಠಾಣೆಗೆ ಕರೆತಂದರು.

"ಒಂದೇ ಮನೆಗೆ ಯಾಕೆ ಡಬ್ಬಿ?"

ಈ ಸಲ ಕಿಟ್ಟಣ್ಣ ಏನನ್ನೂ ಮುಚ್ಚಿಡಲು ನೋಡಲಿಲ್ಲ. "ಅಲ್ಲಿ ಜೀವ ಉಂಟಲ್ಲ ಸರ್. ಉಳಿದವರದ್ದು ಬರೀ ಸಾಮಾನು. ಸುಟ್ಟುಹೋಗ್ಲಿ, ನಾನು ಹೇಳಿದ್ದು ಸತ್ಯ ಅಂತ ಗೊತ್ತಾಗ್ಲಿ ಅಂತ ಮಾಡಿದೆ. ಇಪ್ಪತ್ತು ವರ್ಷ ದುಡಿದವನನ್ನು ಎಲ್ಲರೆದುರು ಕಳ್ಳ ಅನ್ನುದಾ?"

"ನಿಮ್ಮ ಡಬ್ಬಿ ಸರಿಯಾಗೇ ಕೆಲಸ ಮಾಡ್ತು. ಕರೆಂಟ್ ಕಟ್ ಆಯ್ತು. ಮೆಷಿನ್ ಸುಡ್ಲಿಲ್ಲ."

ಕಿಟ್ಟಣ್ಣನ ಮುಖ ಅರಳಿತು. ಪಾಪ ಅನ್ನಿಸಿದರೂ ವಸಂತಕುಮಾರರು ಬಿಡಲಿಲ್ಲ.

"ಕರೆಂಟಿಲ್ಲದೆ ಮೆಷಿನ್ ನಡೀತದಾ ಕಿಟ್ಟಣ್ಣ? ಮುಕ್ತಕ್ಕ ಇವತ್ತು ತೀರಿಕೊಂಡ್ರು."

ಅವನು ಎರಡೂ ಕೈಗಳಿಂದ ಮೇಜನ್ನು ಹಿಡಿದುಕೊಂಡ. "ನಾನು ಮೆಷಿನ್ ಒಂದನ್ನೇ ನೋಡಿದ್ದು ಸರ್," ಎಂದ.

ಎಫ್‌ಐಆರ್‌ಗೆ ಸಾವಿಗೆ ಕಾರಣವಾದ ಆರೋಪದ ಕಲಮೂ ಸೇರಿತು. ವಿನೋದಾ ಬಂಧನದ ಕಾಗದವನ್ನು ಮುಂದಿಟ್ಟಳು. ಕಿಟ್ಟಣ್ಣ ಸಹಿ ಹಾಕಿದ. ಯಾರೂ ಹೇಳದಿದ್ದರೂ ಕೆಳಗೆ ತಾರೀಖು ಬರೆದ: ೧೪-೫.