ನೋಡೋಕೆ ಬಂದವರ ಕೋಣೆ

ಆ ಎಚ್ಚರಿಕೆಯನ್ನು ಅಳಿಸಿ ಹಾಕಿದವಳು ಅವಳೇ.

ಒಂದೇ ಒಂದು ಸ್ಟಾರು ಕೊಟ್ಟು ಯಾರೋ ಬರೆದಿದ್ದರು: 'ನಿದ್ದೆ ಬೇಕಾದವರು ಈ ಹೋಟೆಲಿಗೆ ಹೋಗಿ. ಪರೀಕ್ಷೆ ಮಾಡುವುದಕ್ಕೆ ಮಾತ್ರ ಹೋಗಬೇಡಿ. ನನ್ನದಲ್ಲದ್ದು ನನ್ನ ತಲೆಯ ಮೇಲೆ ಕೂತಿದೆ. ಇಳಿಯುತ್ತಿಲ್ಲ.' ಅವಳು ಓದಿ ನಕ್ಕಳು. ಪಕ್ಕದ ಮೇಜಿನವಳಿಗೆ ತೋರಿಸಿ, "ನೋಡೇ, ಎದುರು ಹೋಟೆಲಿನವನಿಗೆ ಕತೆ ಕಟ್ಟೋ ಹುಚ್ಚು ಬೇರೆ," ಎಂದು ಗುಂಡಿ ಒತ್ತಿದಳು. ಬರೆದದ್ದು ಮಾಯವಾಯಿತು.

ಹೋಟೆಲು ಕೋಣೆಗಳನ್ನು ಬುಕ್ ಮಾಡಿಕೊಡುವ ಕಂಪನಿಯಲ್ಲಿ ಸುಳ್ಳು ರಿವ್ಯೂಗಳನ್ನು ಹೆಕ್ಕಿ ತೆಗೆಯುವುದು ಅವಳ ಕೆಲಸ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವಳು ಜರಡಿ. ದುಡ್ಡಿಗೆ ಬರೆದ ಹೊಗಳಿಕೆ, ಹೊಟ್ಟೆಕಿಚ್ಚಿನ ಬೈಗುಳ, ಮಾಲೀಕನ ಭಾಮೈದನೇ ಹೆಸರು ಬದಲಿಸಿ ಹಾಡಿದ ಭಜನೆ, ಯಾವುದೂ ಅವಳ ಕೈಯಿಂದ ನುಸುಳುತ್ತಿರಲಿಲ್ಲ. ಜನ ಬಾಯಿ ಬಿಟ್ಟರೆ ಮೊದಲು ಸುಳ್ಳೆಂದುಕೊಳ್ಳುವುದು, ಆಮೇಲೆ ಉಳಿದದ್ದನ್ನು ನೋಡುವುದು. ಅದು ಮನೆಯಲ್ಲೂ ಅವಳಿಗೆ ಅಂಟಿಕೊಂಡ ಅಭ್ಯಾಸವಾಗಿತ್ತು.

ಆ ಹೋಟೆಲು ಮಾತ್ರ ಅವಳಿಗೆ ಗಂಟಲ ಮುಳ್ಳು. ನೂರಾರು ರಿವ್ಯೂ, ಎಲ್ಲಕ್ಕೂ ಐದೈದು ಸ್ಟಾರು. ಊಟ, ಕೋಣೆ, ಕಿಟಕಿಯ ನೋಟ ಯಾವುದರ ಮಾತೂ ಇಲ್ಲ. ಎಲ್ಲರೂ ಹೊಗಳಿದ್ದು ಅಲ್ಲಿನ ಮಧ್ಯಾಹ್ನದ ನಿದ್ದೆಯನ್ನು. ಮಲಗಿ ಎದ್ದರೆ ಮನಸ್ಸು ಹಗುರವಂತೆ. ಕೊನೆಗೆ ಎಲ್ಲರದ್ದೂ ಒಂದೇ ಸಾಲು: 'ನಂಬದವರು ಒಮ್ಮೆ ಹೋಗಿ ನೋಡಿ.' ಹೇಳಿ ಬರೆಸಿದ್ದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಆದರೆ ಕೆದಕಿದಷ್ಟೂ ಬಿಲ್ಲುಗಳು ನಿಜ, ಬರೆದವರೂ ನಿಜ. ಬರೆದವರಲ್ಲಿ ಒಬ್ಬಳು ಅವಳ ಒಡಹುಟ್ಟಿದ ಅಕ್ಕ.

ಅದೇ ವಾರ ಭಾವ ಆಫೀಸಿಗೇ ಬಂದ. ಕನ್ನಡಕದ ಅಂಗಡಿ ಇಟ್ಟುಕೊಂಡ ಮಿತಭಾಷಿ. ಮಗಳು ಪುಟ್ಟಿ ರಸ್ತೆ ಅಪಘಾತದಲ್ಲಿ ತೀರಿಕೊಂಡಮೇಲೆ ಇನ್ನೂ ಬಡಕಲಾಗಿದ್ದ. ಮೆಟ್ಟಿಲ ಮೂಲೆಯಲ್ಲಿ ನಿಂತು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಹೇಳಿದ:

"ನಿಮ್ಮಕ್ಕ ಆ ಹೋಟೆಲಿಗೆ ಹೋಗಿ ಬಂದಾಗಿನಿಂದ ಚೆನ್ನಾಗಿದಾಳೆ. ತುಂಬಾ ಚೆನ್ನಾಗಿದಾಳೆ. ನಿನ್ನೆ ಗೋಡೆ ಮೇಲಿನ ಪುಟ್ಟಿ ಫೋಟೋ ನೋಡಿ, 'ಯಾರ ಮಗೂರೀ ಇದು, ಮುದ್ದಾಗಿದೆ' ಅಂದ್ಲು."

"ಹೆತ್ತ ಮಗಳನ್ನೇ?" ಎಂದಳು ಜರಡಿ.

"ಅದು ಮಾಟ ಕಣಮ್ಮಾ. ಕಂಪ್ಲೇಂಟ್ ಕೊಡು, ಮುಚ್ಚಿಸು, ಏನು ಬೇಕಾದ್ರೂ ಮಾಡು. ಆದ್ರೆ ನೀನು ಅಲ್ಲಿಗೆ ಕಾಲಿಡಬೇಡ. ನಂಬದೆ ಹೋದೋರಿಗೆ ಒಳ್ಳೇದಾಗಿಲ್ಲ ಅಂತ ಎಲ್ಲೋ ಓದ್ದೆ. ಇವತ್ತು ಹುಡುಕಿದ್ರೆ ಅದು ಇಲ್ಲವೇ ಇಲ್ಲ."

"ಮಾಟ ಅಲ್ಲ ಭಾವ, ಮಾತ್ರೆ," ಎಂದಳು ಜರಡಿ. "ನೀರಲ್ಲೋ ಹಾಲಲ್ಲೋ ಬೆರೆಸಿ ಕೊಡ್ತಾರೆ. ನಾನು ಹೋಗಿ ಹಿಡ್ಕೊಂಡು ಬರ್ತೀನಿ ನೋಡ್ತಿರಿ."

ಕುಡಿಯುವ ನೀರು ಮನೆಯಿಂದಲೇ ಒಯ್ದಳು. ಬ್ರೆಡ್ಡು, ಬಾಳೆಹಣ್ಣು, ಅಲ್ಲಿನ ನೀರನ್ನು ತುಂಬಿಕೊಂಡು ಬರಲು ಖಾಲಿ ಸೀಸೆ, ಪುಟ್ಟ ಕತ್ತರಿ. ರೈಲಿಳಿದು ಹಳಿಯ ಪಕ್ಕದ ಓಣಿಗೆ ತಿರುಗಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಓಣಿಯ ಕೊನೆಗೆ ಎರಡಂತಸ್ತಿನ ಕಟ್ಟಡ. ಕಿಟಕಿಗಳಿಗೆಲ್ಲ ಒಳಗಿನಿಂದ ದಪ್ಪ ಪರದೆ. ಬಾಗಿಲು ದಾಟಿದ್ದೇ ಹೊರಗಿನ ಸದ್ದು ಕೊಯ್ದಂತೆ ನಿಂತಿತು. ಒಳಗೆ ಒಂದು ವಾಸನೆ. ನೆಲ ಒರೆಸಿದ ಫಿನಾಯಿಲಿನ ಅಡಿಯಲ್ಲಿ, ಅಡಗಿಸಿಟ್ಟಂತೆ, ಸುಟ್ಟ ಕೂದಲಿನ ವಾಸನೆ.

ಕೌಂಟರಿನ ಹಿಂದೆ ಒಡತಿ ಕೂತಿದ್ದಳು. ಮೈತುಂಬ ಸೆರಗು ಹೊದ್ದ ದಪ್ಪ ಹೆಂಗಸು, ತಲೆ ನುಣ್ಣಗೆ ಬೋಳು. ಜರಡಿಯ ಮುಖವನ್ನು ಬಹಳ ಹೊತ್ತು ನೋಡಿದಳು.

"ನಿದ್ದೆ ಮಾಡೋಕೆ ಬಂದ್ರಾ, ನೋಡೋಕೆ ಬಂದ್ರಾ?"

"ನೋಡೋಕೆ."

"ಯಾರು ಬರೆದದ್ದು ಓದಿ ಬಂದ್ರಿ?"

ಇದನ್ಯಾಕೆ ಕೇಳುತ್ತಾಳೆ? ಬರೆದವರಿಗೆ ಕಮಿಷನ್ ಇರಬೇಕು. ಸಿಕ್ಕಿಬಿದ್ದೆಯಲ್ಲ ಎಂದುಕೊಂಡು ಜರಡಿ ಬೇಕೆಂದೇ ಹೇಳಿದಳು: "ನಮ್ಮಕ್ಕ."

ಒಡತಿಯ ಮುಖ ಕಪ್ಪಿಟ್ಟಿತು. "ಒಡಹುಟ್ಟಿದೋರು ಬರಬಾರದಿತ್ತು. ಈಗಲೂ ಕಾಲ ಮಿಂಚಿಲ್ಲ, ವಾಪಸ್ ಹೋಗಿ. ದುಡ್ಡು ಬೇಡ."

ಕಳ್ಳಿ ಹೆದರಿದಳು ಎಂದು ಜರಡಿ ಒಳಗೊಳಗೇ ಬೀಗಿದಳು. "ಅಕ್ಕ ಮಲಗಿದ್ದ ಕೋಣೇನೇ ಬೇಕು," ಎಂದಳು.

ಕೋಣೆ ಮೇಲಿನ ಮೂಲೆಯಲ್ಲಿತ್ತು. ಮಂಚ, ಕುರ್ಚಿ, ಸುಣ್ಣದ ಗೋಡೆ. ಬಾಗಿಲಿಗೆ ಒಳಚಿಲಕವಿಲ್ಲ. ಅವಳು ನಲ್ಲಿಯ ನೀರನ್ನು ಸೀಸೆಗೆ ತುಂಬಿದಳು. ಹಾಸಿಗೆ ಎತ್ತಿ ನೋಡಿದಳು. ದೀಪದ ಹಿಂದೆ, ಗಾಳಿಗಂಡಿಯಲ್ಲಿ, ಎಲ್ಲೂ ಏನೂ ಇಲ್ಲ. ಉಳಿದದ್ದು ತಲೆದಿಂಬು. ಕೈಗೆತ್ತಿಕೊಂಡರೆ ಅಷ್ಟು ಸಣ್ಣ ದಿಂಬಿಗೆ ಅಷ್ಟೊಂದು ಭಾರ. ಕತ್ತರಿಯಿಂದ ಹೊಲಿಗೆ ಬಿಚ್ಚಿದಳು.

ಒಳಗೆ ಹತ್ತಿಯಿರಲಿಲ್ಲ. ಕೂದಲಿತ್ತು. ಕಪ್ಪು, ನರೆ, ಗುಂಗುರು, ಬಣ್ಣ ಹಚ್ಚಿದ್ದು. ಒಂದೊಂದು ಎಳೆಯನ್ನೂ ಬಿಗಿಯಾಗಿ ಗಂಟು ಹಾಕಿದ್ದರು. ಗಂಟು ಗಂಟಿನ ನಡುವೆ ಬೂದಿ. ಕೈ ಹಿಂದೆಗೆಯುವಷ್ಟರಲ್ಲಿ ಒಂದು ಗಂಟು ಬೆರಳಿಗೆ ಸುತ್ತಿಕೊಂಡಿತು. ಉದ್ದನೆಯ, ತುದಿಯಲ್ಲಿ ಕೆಂಚಗಿನ ಕೂದಲು. ಚಿಕ್ಕಂದಿನಲ್ಲಿ ಅಕ್ಕನ ಅದೇ ಕೂದಲಿನಲ್ಲಿ ಜಡೆ ಹೆಣೆಯಲು ಕಲಿತವಳು ಅವಳು. ಕತ್ತಲಲ್ಲೂ ಗುರುತಿಸಬಲ್ಲಳು.

ಆಗ ಮಣಮಣ ಸದ್ದು ಕೇಳಿಸಿತು. ಯಾರೋ ಮಂತ್ರ ಹೇಳುತ್ತಿದ್ದರು. ಗೋಡೆಗೆ ಕಿವಿಯಿಟ್ಟಳು. ಅಲ್ಲಿಂದಲ್ಲ. ನೆಲಕ್ಕೆ ಬಾಗಿದಳು. ಅಲ್ಲೂ ಅಲ್ಲ. ಬಾಯಿಗೆ ಕೈ ಅಡ್ಡ ಹಿಡಿದಳು. ಸದ್ದು ನಿಂತಿತು.

ತುಟಿ ಆಡುತ್ತಿದ್ದುದು ಅವಳದೇ.

ಎದ್ದು ಬಾಗಿಲಿಗೆ ಓಡಬೇಕು. ಕಾಲು ಏಳಲಿಲ್ಲ. ಪರದೆಯ ಅಂಚಿನ ಬೆಳಕು ಸಣ್ಣಗಾಗಿ, ಎಳೆಯಾಗಿ, ಆರಿತು. ಹೊರಗೆ ಸುಡುವ ಮಧ್ಯಾಹ್ನ. ಒಳಗೆ ಕಣ್ಣಿಗೆ ಮಸಿ ಬಳಿದಂಥ ಕತ್ತಲು. ತಲೆ ತಾನಾಗಿ ದಿಂಬಿಗೆ ಒರಗಿತು. ಸುಟ್ಟ ವಾಸನೆ ಹೋಯಿತು. ಬೇರೆ ವಾಸನೆ ಬಂತು. ಎಳೆಗೂದಲ ಎಣ್ಣೆ. ಕಕ್ಕಿದ ಹಾಲು. ಸೊಂಟದ ಮೇಲೆ ಭಾರ. ಬೆಚ್ಚಗಿನ ಭಾರ. ಪುಟ್ಟ ಕೈಯೊಂದು ಅವಳ ಕುತ್ತಿಗೆ ತಬ್ಬಿತು. ಹೊಟ್ಟೆ ಹಿಂಡಿತು. ಹೆರದವಳಿಗೆ ಹೆರಿಗೆಯ ನೋವು. ಕಿರುಚಿದಳು. ದನಿ ಅಕ್ಕನದು. ಎದೆ ಹಾಲಿನಿಂದ ಕಟ್ಟಿತು. ಮಗು ನಕ್ಕಿತು. ನಡೆಯಿತು. ಓಡಿತು. ಮನೆ. ಅಂಗಳ. ಗೇಟು. ಬೆಳಗಿನ ಬಿಸಿಲು. ಕಿವಿಯಲ್ಲಿ ಫೋನು. ಯಾರೋ ಜೋಕು ಹೇಳುತ್ತಿದ್ದಾರೆ. ಅವಳು ನಗುತ್ತಿದ್ದಾಳೆ. ಪಾರ್ಸೆಲ್ ತಗೊಂಡಳು. ಗೇಟಿನ ಚಿಲಕ ಹಾಕಲಿಲ್ಲ. ಹಾಕು. ಹಾಕೇ. ಹಾಕಲಿಲ್ಲ. ಒಳಗೆ ಬಂದಳು. ಬ್ರೇಕಿನ ಸದ್ದು. ಫೋನು ಬಿತ್ತು. ಓಡಿದಳು. ರಸ್ತೆ ಸುಡುತ್ತಿತ್ತು. ಕಬ್ಬಿಣದ ವಾಸನೆ. ತೊಡೆಯ ಮೇಲೆ ಪುಟ್ಟಿಯ ತಲೆ. ಪುಟ್ಟಿಯ ತುಟಿ ಅಲುಗಿತು. ಒಂದು ಮಾತು. ಅಷ್ಟೇ.

ಬೆಳಕು ಮರಳಿದಾಗ ಒಡತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೂಜಿ ದಾರ. ಮಾತಾಡದೆ ಬಂದು ದಿಂಬನ್ನು ಹೊಲಿಯತೊಡಗಿದಳು. ಅದು ಈಗ ಹಗುರವಾಗಿತ್ತು.

"ಏನ್ ಮಾಡಿದ್ರಿ ನನಗೆ?"

"ನಾನಲ್ಲ. ಇಲ್ಲಿ ಇಳಿಸಿದ್ದನ್ನ ಸುಡೋಕಾಗಲ್ಲ, ಹೂಳೋಕಾಗಲ್ಲ. ಇನ್ನೊಬ್ಬರು ಬರೋವರೆಗೂ ದಿಂಬು ಹೊರುತ್ತೆ. ಹಗುರಾದೋರು ನಿಜಾನೇ ಬರೀತಾರೆ. ಅದನ್ನ ನಂಬಿದೋರು ತಮ್ಮದನ್ನ ಇಳಿಸೋಕೆ ಬರ್ತಾರೆ. ನಂಬದೋರು ಸುಳ್ಳು ಹುಡುಕೋಕೆ ಬರ್ತಾರೆ, ಹೊತ್ಕೊಂಡು ಹೋಗ್ತಾರೆ. ನಾವು ಯಾರನ್ನೂ ಎಳೆದು ತಂದಿಲ್ಲ."

"ವಾಪಸ್ ತಗೊಳ್ಳಿ. ದಮ್ಮಯ್ಯ."

"ಆಗಲ್ಲ. ಒಂದೇ ದಾರಿ. ನಿಮ್ಮಕ್ಕನ ಎದುರಿಗೆ ನಿಂತು, ಇದು ನಿಂದು ಅಂತ ಹೇಳಿ. ನಿಮ್ಮ ಬಾಯಿಂದ ಕೇಳಿದ ತಕ್ಷಣ ಅವರಿಗೆ ವಾಪಸ್ ಹೋಗುತ್ತೆ." ಒಡತಿ ದಾರವನ್ನು ಹಲ್ಲಿನಿಂದ ಕಡಿದಳು. "ಆದ್ರೆ ಹಳೇ ದುಃಖವಾಗಿ ಹೋಗಲ್ಲಮ್ಮಾ. ಮಗು ಇವತ್ತು, ಈಗ ಸತ್ತ ಹಾಗೆ ಹೋಗುತ್ತೆ."

ಮರುದಿನ ಆಫೀಸಿನಲ್ಲಿ ಮೇಲಿನವರು ಕೇಳಿದರು, ಏನು ಪತ್ತೆಯಾಯಿತು ಎಂದು. "ಎಲ್ಲಾ ನಿಜ ಸಾರ್," ಎಂದಳು. "ಒಂದೊಂದೂ ನಿಜ." ಮನೆಗೆ ಹೋಗಿ ತಾನೇ ಒಂದು ಸ್ಟಾರು ಕೊಟ್ಟು, ಯಾರೂ ಹೋಗಬೇಡಿ ಎಂದು ಬೇಡಿಕೊಂಡು ಬರೆದಳು. ಬೆಳಿಗ್ಗೆ ಆಫೀಸಿಗೆ ಬರುವಷ್ಟರಲ್ಲಿ ಅದು ಹೋಗಿತ್ತು. ಪಕ್ಕದ ಮೇಜಿನವಳು ಅಳಿಸಿದ್ದಳು. "ಯಾರೋ ನಿನ್ನ ಹೆಸರಲ್ಲೇ ಕತೆ ಕಟ್ಟಿದಾರೆ ಕಣೇ, ಎಷ್ಟು ಧೈರ್ಯ ನೋಡು," ಎಂದು ನಗುತ್ತಾ ಹೇಳಿದಳು.

ಆ ದಿನಗಳಲ್ಲಿ ಜರಡಿಗೆ ಅನ್ನ ಸೇರಲಿಲ್ಲ. ಮಾರುಕಟ್ಟೆಯಲ್ಲಿ ಯಾವ ಮಗುವಾದರೂ 'ಅಮ್ಮಾ' ಎಂದರೆ ತಿರುಗುತ್ತಿದ್ದಳು. ಮದುವೆಯೇ ಆಗದವಳ ತೋಳಿನಲ್ಲಿ ಮಗು ಎತ್ತಿಕೊಂಡ ನೋವು. ಎಲ್ಲಕ್ಕಿಂತ ಕಾಡಿದ್ದು ಗೇಟು. ಆ ಕೈ ತನ್ನದಲ್ಲ ಎಂದು ಎಷ್ಟು ಹೇಳಿಕೊಂಡರೂ ಬೆರಳಿಗೆ ಚಿಲಕದ ತಣ್ಣನೆಯ ಸ್ಪರ್ಶ ನೆನಪಿತ್ತು. ಆವತ್ತು ಬೆಳಿಗ್ಗೆ ಅಂಗಡಿಗೆ ಹೊರಟಾಗ ಚಿಲಕ ಹಾಕದೆ ಹೋದದ್ದು ಭಾವ ಎಂದು ಅಕ್ಕ ಎಲ್ಲರೆದುರು ಹೇಳಿದ್ದಳು. ಜರಡಿಯೂ ನಂಬಿದ್ದಳು. ಪಾಪ, ಭಾವನೂ ನಂಬಿದ್ದ.

ಕೊನೆಗೆ ತಡೆಯಲಾರದೆ ಅವನ ಅಂಗಡಿಗೆ ಹೋದಳು. ಗಿರಾಕಿ ಹೋಗುವವರೆಗೆ ಕಾದಳು.

"ಭಾವ, ಗೇಟು ತೆರೆದಿಟ್ಟಿದ್ದು ನೀವಲ್ಲ. ನಾನು."

"ನೀನು ಆವತ್ತು ಊರಲ್ಲೇ ಇರಲಿಲ್ಲವಲ್ಲಮ್ಮಾ," ಎಂದ ಭಾವ. ಎನ್ನುತ್ತಿದ್ದಂತೆ, ಹೆಂಡತಿ ಆ ಹೋಟೆಲಿನಲ್ಲಿ ಇಳಿಸಿ ಬಂದದ್ದೆಲ್ಲ ಈಗ ಇವಳ ತಲೆಯಲ್ಲಿದೆ ಎಂದು ಅವನಿಗೆ ಅರ್ಥವಾಯಿತು. ಒರೆಸುತ್ತಿದ್ದ ಗಾಜನ್ನು ಮೆಲ್ಲಗೆ ಕೆಳಗಿಟ್ಟ. ಮಗುವಿನಂತೆ ಕೇಳಿದ: "ಕೊನೇಲಿ ಏನಾದ್ರೂ ಅಂದ್ಲಾ ಪುಟ್ಟಿ? ನಿಮ್ಮಕ್ಕ ನನಗೆ ಹೇಳಲೇ ಇಲ್ಲ."

"'ಇನ್ನೊಂದು ಚಪ್ಪಲಿ ಎಲ್ಲಿ' ಅಂದ್ಲು ಭಾವ."

ಅವನು ಮುಖ ಮುಚ್ಚಿಕೊಂಡು ಅತ್ತ. ಒಡತಿ ಹೇಳಿದ ಒಂದೇ ದಾರಿಯನ್ನೂ ಅವಳು ಅವನಿಗೆ ತಿಳಿಸಿದಳು. ಅಂದಿನಿಂದ ಆಗಾಗ ಫೋನ್ ಮಾಡುತ್ತಿದ್ದ. ಪುಟ್ಟಿ ಮೊದಲು ಆಡಿದ ಮಾತು ಯಾವುದು, ಯಾವ ಕಿವಿ ಹಿಡಿದುಕೊಂಡು ಮಲಗುತ್ತಿದ್ದಳು, ತಾಯಿಗೆ ಮಾತ್ರ ಗೊತ್ತಿರುವುದನ್ನೆಲ್ಲ ಕೇಳುತ್ತಿದ್ದ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಅವಳು ಅಂಗಡಿಗೆ ಹೋಗುತ್ತಿದ್ದಳು. ಅಲ್ಲಿ ಪುಟ್ಟಿಯ ಬಗ್ಗೆ ಮಾತಾಡಬಹುದಿತ್ತು. ಲೋಕದಲ್ಲಿ ಮತ್ತೆಲ್ಲೂ ಅವಳಿಗೆ ಆ ಹಕ್ಕಿರಲಿಲ್ಲ.

ಹಾಗೊಂದು ಮಧ್ಯಾಹ್ನ ಇಬ್ಬರೂ ಕಣ್ಣೊರೆಸಿಕೊಳ್ಳುತ್ತಾ ಕೂತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಅಕ್ಕ. ಮೈಕೈ ತುಂಬಿಕೊಂಡು, ಮುಖ ಕಳೆಗಟ್ಟಿ, ಹತ್ತು ವರ್ಷ ಚಿಕ್ಕವಳಾದ ಅಕ್ಕ. ಗಂಡನ ಒದ್ದೆ ಕಣ್ಣು ನೋಡಿದಳು. ತಂಗಿಯ ಕೈಯಲ್ಲಿದ್ದ ಅವನ ಕರವಸ್ತ್ರ ನೋಡಿದಳು.

"ಎಷ್ಟು ದಿನದಿಂದ ನಡೀತಿದೆ ಇದು?"

"ಏ, ಹುಚ್ಚಾ ನಿನಗೆ? ನಾವು…" ಎಂದು ಭಾವ ಎದ್ದ.

"ಫೋನಲ್ಲಿ ಪಿಸಿಪಿಸಿ. ಮಧ್ಯಾಹ್ನ ಅಂಗಡಿ ಬಾಗಿಲು ಅರ್ಧ. ನನಗೆ ಕಣ್ಣಿಲ್ಲ ಅಂದ್ಕೊಂಡ್ರಾ?" ಅಕ್ಕ ತಂಗಿಯ ಹತ್ತಿರ ಬಂದಳು. "ಎತ್ತಿ ಆಡಿಸಿದೀನಲ್ಲೇ ನಿನ್ನ. ನನ್ನ ಗಂಡನೇ ಬೇಕಿತ್ತಾ? ಹೇಳು. ನನ್ನ ಮುಖ ನೋಡಿ ಹೇಳು, ನಿಮ್ಮಿಬ್ಬರ ಮಧ್ಯೆ ಏನಿದೆ?"

ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. 'ಇದು ನಿಂದು ಅಕ್ಕ' ಎಂಬಷ್ಟು. ಎದೆಯ ಮೇಲಿನ ಬಂಡೆ ಉರುಳಿಹೋಗುತ್ತಿತ್ತು, ಮಾನವೂ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಜರಡಿ ಅಕ್ಕನ ಮುಖ ನೋಡಿದಳು. ಸಿಟ್ಟಿನಿಂದ ಕೆಂಪಾದ, ಜೀವ ತುಂಬಿದ ಮುಖ. ಈ ಮುಖ ಆ ರಸ್ತೆಯಲ್ಲಿ ಹೇಗಿತ್ತೆಂದು ಒಳಗಿನಿಂದ ಬಲ್ಲವಳು ಭೂಮಿಯ ಮೇಲೆ ಈಗ ಅವಳೊಬ್ಬಳೇ. ಏನೂ ಇಲ್ಲ ಎಂದರೆ, ಮತ್ತೆ ಯಾಕೆ ಅಳುತ್ತಿದ್ದಿರಿ ಎಂದು ಅಕ್ಕ ಕೆದಕದೆ ಬಿಡುವವಳಲ್ಲ. ಭಾವ ಹಿಂದಿನಿಂದ, ಬೇಡ ಎಂಬಂತೆಯೋ ಹೇಳಿಬಿಡು ಎಂಬಂತೆಯೋ, ತಲೆಯಾಡಿಸಿದ.

"ತಪ್ಪಾಯ್ತು ಅಕ್ಕ," ಎಂದಳು ಜರಡಿ. "ನೀನು ಅಂದ್ಕೊಂಡಿದ್ದು ನಿಜ."

ಕಪಾಳಕ್ಕೆ ಬಿದ್ದ ಏಟಿಗೆ ಕಣ್ಣು ಕತ್ತಲಿಟ್ಟಿತು. "ಇನ್ಮೇಲೆ ನನ್ನ ಕಣ್ಣಿಗೆ ಬೀಳ್ಬೇಡ," ಎಂದು ಅಕ್ಕ ಬಾಗಿಲು ತೋರಿಸಿದಳು. ಅವಳು ತಲೆ ತಗ್ಗಿಸಿ ಹೊರಗೆ ಬಂದಳು. ಬಿಸಿಲಿಗೆ ರಸ್ತೆ ಕಾದಿತ್ತು. ದಾಟುವ ಮೊದಲು, ತನಗೇ ತಿಳಿಯದಂತೆ, ಬಲಗೈಯನ್ನು ಕೆಳಗೆ ಚಾಚಿ ಯಾರದೋ ಪುಟ್ಟ ಬೆರಳು ಸಿಗುವುದನ್ನು ಕಾದು ನಿಂತಳು.