ಎಸ್ಕೇಪ್ ಕೀ

ನಾನು ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ದೆವ್ವ ಗಿವ್ವ ನಂಬುವಷ್ಟು ಪುರುಸೊತ್ತು ನನಗಿಲ್ಲ. ಕಳೆದ ತಿಂಗಳು ಅಜ್ಜೀಪುರದ ಶಂಕರಮ್ಮನವರ ಮನೆಗೆ ಹೋಗಿದ್ದೆ. ಗಂಡ ತೀರಿಕೊಂಡ ಮೇಲೆ ಬಟ್ಟೆ ಹೊದಿಸಿಟ್ಟಿದ್ದ ಅವರ ಹಳೇ ಕಂಪ್ಯೂಟರನ್ನು ಪೂರ್ತಿ ಅಳಿಸಿ, ಮೊಮ್ಮಗಳಿಗೆಂದು ಹೊಸ ಆಪರೇಟಿಂಗ್ ಸಿಸ್ಟಂ ಹಾಕಬೇಕಿತ್ತು.

ಡಿಸ್ಕ್ ಅಳಿಸಲೇ ಎಂದು ಕಂಪ್ಯೂಟರ್ ಕೇಳುವವರೆಗೂ ಎಲ್ಲ ಸರಿಯಾಗಿಯೇ ಬರುತ್ತಿತ್ತು. ನಾನು ಎಂಟರ್ ಒತ್ತುವ ಮೊದಲೇ ಪರದೆ ತಾನಾಗಿ ಹಿಂದಕ್ಕೆ ಹೋಗಿಬಿಡುತ್ತಿತ್ತು. ಮಧ್ಯಾಹ್ನವಿಡೀ ಇದೇ ಆಗಿ ಸೊಂಟ ಬಿದ್ದುಹೋಯಿತು. ಹಿಂದಕ್ಕೆ ಹೋಗಲು ಒತ್ತುವ ಎಸ್ಕೇಪ್ ಕೀ ಸಿಕ್ಕಿಕೊಂಡಿರಬೇಕೆಂದು ಕಿತ್ತು ನೋಡಿದರೆ, ಅದರ ಕೆಳಗೆ ಒಣಗಿದ ವಿಭೂತಿ.

"ನಮ್ಮ್ ಯಜಮಾನ್ರುದು ಕಣಪ್ಪ," ಎಂದರು ಶಂಕರಮ್ಮ. "ಪೂಜೆ ಮುಗಿಸ್ಕಂಡು ಒದ್ದೆ ಕೈಲೇ ಬಂದು ಕೂತ್ಕತಿದ್ರು. ಎಷ್ಟೇಳುದ್ರೂ ಕೇಳ್ತಿರ್ನಿಲ್ಲ."

ಅವರು ಕಾಫಿ ಕಾಯಿಸಲು ಒಳಗೆ ಹೋದರು. ನಾನು ಆ ಕೀಬೋರ್ಡನ್ನೇ ತೆಗೆದಿಟ್ಟು, ಚೀಲದಲ್ಲಿದ್ದ ಹೊಸದೊಂದನ್ನು ಬಿಚ್ಚಿ ಸಿಕ್ಕಿಸಿದೆ. ಮತ್ತೆ ಅದೇ ಪ್ರಶ್ನೆ ಬಂತು. ಯಾರೋ ಈಗಷ್ಟೇ ಸ್ನಾನ ಮಾಡಿ ಪಕ್ಕಕ್ಕೆ ಬಂದು ನಿಂತಂತೆ ತೋಳಿಗೆ ತಣ್ಣಗೆ ತಾಕಿತು. ಪರದೆ ಹಿಂದಕ್ಕೆ ಹೋಯಿತು.

ಹೊಸ ಕೀಬೋರ್ಡಿನ ಎಸ್ಕೇಪ್ ಕೀ ಮೇಲೆ ವಿಭೂತಿ ಹತ್ತಿತ್ತು. ಬೆರಳಿಟ್ಟು ನೋಡಿದೆ.

ಇನ್ನೂ ಒದ್ದೆಯಿತ್ತು.