ಗುದ್ದಣ್ಣನ ಬೆಲ್ಟ್ ಕಾಣೆಯಾದ ದಿನ

"ನನ್ನ ಬೆಲ್ಟ್ ಹೋಯ್ತಕ್ಕಾ!" ಎನ್ನುತ್ತ ಗುದ್ದಣ್ಣ ಬೆಳಿಗ್ಗೆಯೇ ಮೆಟ್ಟಿಲು ಹತ್ತಿ ಬಂದ. ಅವನ ಬಾಕ್ಸಿಂಗ್ ಶಾಲೆಯ ಮೇಲಿನ ಮನೆಯಲ್ಲೇ ನಾವಿದ್ದೆವು. ನಿವೃತ್ತ ನರ್ಸ್ ಆದ ನಮ್ಮಕ್ಕ ಇಡೀ ಬೀದಿಗೆ ಪತ್ತೇದಾರಿ. ತಮ್ಮನಾದ ನಾನು ಅವಳ ಬಾಲ.

ಇಪ್ಪತ್ತೆಂಟು ವರ್ಷಗಳ ಹಿಂದೆ ಚಾಂಪಿಯನ್ ಆದಾಗ ಸಿಕ್ಕ ಬೆಲ್ಟ್ ಅದು. ಅಂದು ಸಂಜೆ ಶಾಲೆಯ ವಾರ್ಷಿಕೋತ್ಸವ. ಅದನ್ನು ಕಟ್ಟಿಕೊಂಡು ಅವನು ಶಿಷ್ಯರ ಜೊತೆ ಫೋಟೋಕ್ಕೆ ನಿಲ್ಲಬೇಕಿತ್ತು.

"ಕದ್ದಿದ್ದು ಕಡ್ಡಿನೇ. ಇವತ್ತೇ ಅವನನ್ನ ಕೆಲಸದಿಂದ ತೆಗೀತೀನಿ!"

ಕಡ್ಡಿ ಎಂದರೆ ಅಂದಿನ ಫೈನಲ್‌ನಲ್ಲಿ ಗುದ್ದಣ್ಣನೆದುರು ಸೋತವನು. ಈಗ ಇದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ.

ಕೆಳಗಿಳಿದು ನೋಡಿದೆವು. ಬೆಲ್ಟ್ ಇಡುತ್ತಿದ್ದ ಗಾಜಿನ ಕಪಾಟಿನ ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅದರ ಒಂದೇ ಕೀಲಿ, ಶಾಲೆಯ ಹಿಂದೆಯೇ ಇದ್ದ ಗುದ್ದಣ್ಣನ ಮನೆಯಲ್ಲಿ, ಅಡುಗೆಮನೆಯ ಮೊಳೆಯಲ್ಲಿ ಎಂದಿನಂತೆ ನೇತಾಡುತ್ತಿತ್ತು. ಕಪಾಟಿನ ಕೆಳಗೆ, ಎರಡು ಕಡೆ ಗಂಟು ಹಾಕಿದ್ದ ಉದ್ದನೆಯ ದಾರವೊಂದು ನನ್ನ ಕೈಗೆ ಸಿಕ್ಕಿತು.

"ಮನೇಲಿ ಏನಾದ್ರೂ ವಿಶೇಷ ನಡೀತಾ?" ಅಕ್ಕ ಕೇಳಿದಳು.

ಗುದ್ದಣ್ಣ ನಾಚಿಕೊಂಡ. "ನಿನ್ನೆ ನನ್ನ ಹೆಂಡ್ತಿ ಹಿಂದಿನಿಂದ ಬಂದು ತಬ್ಕೊಂಡ್ಲು. ಮದುವೆಯಾದ ಹೊಸದರಲ್ಲೂ ಹಾಗೆ ಮಾಡಿರ್ಲಿಲ್ಲ. ಬೆಳಿಗ್ಗೆ ಎದ್ದವಳೇ ತಂಗಿ ಮನೆಗೆ ಅಂತ ಹೋದ್ಲು."

ಸಂಜೆ ಅಕ್ಕ ಎಲ್ಲರನ್ನೂ ರಿಂಗಿನ ಸುತ್ತ ಕೂರಿಸಿದಳು. ಕಡ್ಡಿ ಮುಖ ಊದಿಸಿಕೊಂಡಿದ್ದ. ಆಗಷ್ಟೇ ಮರಳಿದ್ದ ಗುದ್ದಣ್ಣನ ಹೆಂಡತಿ ಮಡಿಲಲ್ಲಿ ಚೀಲ ಇಟ್ಟುಕೊಂಡಿದ್ದಳು.

"ಬೀಗ ಒಡೆದಿಲ್ಲ, ಅಂದ್ರೆ ಕೀಲಿಯಿಂದಲೇ ತೆಗೆದಿದ್ದಾರೆ. ಕೀಲಿ ಇರೋದು ಅಡುಗೆಮನೇಲಿ. ಅಲ್ಲಿಗೆ ಕಡ್ಡಿ ಯಾಕೆ ಹೋಗ್ತಾನೆ? ಇನ್ನು ಈ ದಾರ. ಗುದ್ದಣ್ಣ, ಕೈ ಎತ್ತು."

ಅಕ್ಕ ದಾರವನ್ನು ಅವನ ಹೊಟ್ಟೆಗೆ ಸುತ್ತಿದಳು. ಎರಡೂ ಗಂಟುಗಳು ಸರಿಯಾಗಿ ಹೊಕ್ಕುಳ ಮೇಲೆ ಕೂಡಿದವು.

"ಅದು ಅಪ್ಪುಗೆಯಲ್ಲಪ್ಪಾ, ಅಳತೆ! ಆಮೇಲೆ ದಾರವನ್ನ ಬೆಲ್ಟಿಗೆ ಹಿಡಿದು ನೋಡಿದ್ದಾಳೆ. ಎಷ್ಟು ಸಾಲದು ಅಂತ ಗೊತ್ತಾಗಿದೆ. ದಾರ ಅಲ್ಲೇ ಬಿದ್ದಿದೆ."

ಹೆಂಡತಿ ನಗುತ್ತ ಚೀಲದಿಂದ ಬೆಲ್ಟ್ ತೆಗೆದಳು. "ಮೊನ್ನೆ ಇವರು ಕನ್ನಡಿ ಮುಂದೆ ಇದನ್ನ ಕಟ್ಕೊಳ್ಳೋಕೆ ಉಸಿರು ಬಿಗಿಹಿಡಿದು ಒದ್ದಾಡ್ತಿದ್ರು. ಎಲ್ಲರೆದುರು ಮುಜುಗರ ಆಗ್ಬಾರ್ದು ಅಂತ ಚಪ್ಪಲಿ ಹೊಲಿಯೋರ ಹತ್ರ ಕೂತು ಎರಡೂ ಕಡೆ ಚರ್ಮ ಸೇರಿಸ್ಕೊಂಡು ಬಂದೆ. ಪಾಪ, ಕಡ್ಡಿಯಣ್ಣನ ಮೇಲೆ ಬರುತ್ತೆ ಅಂತ ನಾನೇನು ಕನಸು ಕಂಡಿದ್ನಾ?"

ಗುದ್ದಣ್ಣ ತಲೆ ತಗ್ಗಿಸಿ ಕಡ್ಡಿಯ ಬಳಿ ಹೋದ. "ತಪ್ಪಾಯ್ತು ಕಣೋ. ಮೊದಲ ಫೋಟೋ ನಿಂದು" ಎಂದು ಬೆಲ್ಟನ್ನು ತನ್ನ ಕೈಯಾರೆ ಅವನ ಸೊಂಟಕ್ಕೆ ಕಟ್ಟಿದ.

ಕಡ್ಡಿ ಎದೆಯುಬ್ಬಿಸಿ ಎರಡೂ ಕೈ ಮೇಲೆತ್ತಿದ. ಬೆಲ್ಟ್ ಸರ್ರನೆ ಜಾರಿ ಪಾದಕ್ಕೆ ಬಿತ್ತು. ಫೋಟೋದವನು ಕ್ಯಾಮೆರಾ ಒತ್ತಿದ್ದೂ ಆಗಲೇ.